ಚಾರ್ಮಾಡಿಲಿ ಪಂಚರ್, ಸ್ಟೆಪ್ನಿಲಿ ಗಾಳೀನೇ ಇಲ್ಲ! ನಿಮ್ ಡಿಕ್ಕಿಲಿ ಏನೇನ್ ಇಟ್ಕೊಂಡಿದೀರಾ?

ಹೇಮಾವತಿ_ತೀರ:
ಎಲ್ರಿಗೂ ನಮಸ್ಕಾರ. ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ಹೋದ ಶನಿವಾರ ಹಾಸನದಿಂದ ಧರ್ಮಸ್ಥಳಕ್ಕೆ ಹೊರಟಿದ್ವಿ, ನಾನು, ನಮ್ಮನೆಯವ್ರು, ಅತ್ತೆ, ಮಗ. ಓಡಿಸ್ತಿದ್ದಿದ್ದು ನಾನೇ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನದೆ ಮುಂದಕ್ ಹೋಗೋ ಪದ್ಧತಿ ನಮ್ಮನೇಲಿಲ್ಲ, ಅಲ್ಲೇ ಸಂಜೆ ಆರೂವರೆ ಆಯ್ತು, ಘಾಟಿ ಇಳಿಯೋ ಹೊತ್ತಿಗೆ ಮಂಜು, ಜಿಟಿಜಿಟಿ ಮಳೆ. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಸ್ವಲ್ಪ ಕೆಳಗೆ ಎದುರಿಂದ ಬಸ್ ಬಂತು, ಸೈಡ್ ಕೊಡೋಣ ಅಂತ ಎಡಕ್ ತಗೊಂಡೆ, ಟಾರ್ ಅಂಚಲ್ಲಿ ಒಂದು ಚೂಪ್ ಕಲ್ಲು. ಟಪ್ ಅಂತು, ಸ್ಟೇರಿಂಗ್ ಎಡಕ್ ಎಳೆಯೋಕ್ ಶುರು ಆಯ್ತು. ಹಾಗೇ ಮೆಲ್ಲಗೆ ಉರುಳಿಸ್ಕೊಂಡು ಅಗಲ ಇರೋ ಜಾಗದಲ್ಲಿ ನಿಲ್ಸಿದೆ. ಮುಂದಿನ ಎಡ ಟೈರು, ಪಕ್ಕೆಲಿ ಎರಡ್ ಬೆರಳಷ್ಟು ಸೀಳಿತ್ತು.

ಸರಿ, ಸ್ಟೆಪ್ನಿ ಇದ್ಯಲ್ಲ ಅಂತ ಲಗೇಜೆಲ್ಲಾ ಮಳೇಲಿ ಕೆಳಗಿಳಿಸಿ ತೆಗೆದ್ವಿ. ನೆಲಕ್ ಬಿಟ್ರೆ ಅದು ಪುಟಿಯೋದಿರ್ಲಿ, ಹಳೇ ದಿಂಬಿನ್ ತರ ಮೆತ್ತಗೆ ಕೂತ್ಕೊಳ್ತು. ಗಾಳೀನೇ ಇಲ್ಲ. ಇನ್ನೊಂದ್ ಮಜಾ ಏನಂದ್ರೆ ಈ ಗಾಡಿ ನಾವು ಎರಡ್ ವರ್ಷದ್ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನ್ ಓನರು ಹೊರಗಡೆ ಅಲಾಯ್ ಚಕ್ರ ಹಾಕ್ಸಿದ್ರು, ಅದರ ನಟ್ಟೇ ಬೇರೆ ಸೈಜು. ಕಂಪನಿ ಕೊಟ್ಟ ಪಾನಾ 21, ನಟ್ಟು 19. ಹಾಕಿ ತಿರುಗಿಸಿದ್ರೆ ಗಲಗಲ ಅಂತ ಸುಮ್ನೆ ಸುತ್ತುತ್ತೆ. ನೆಟ್‌ವರ್ಕ್ ಇಲ್ಲ. ಎರಡ್ ಫೋನ್ ಟಾರ್ಚ್ ಹಿಡ್ಕೊಂಡು ಅರ್ಧ ಗಂಟೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತಿದ್ವಿ.

ಕೊನೆಗೆ ಮಂಗಳೂರ್ ಕಡೆಯಿಂದ ಮೇಲೆ ಬರ್ತಿದ್ದ ಮೀನಿನ ಲಾರಿಯವ್ರು ನಿಲ್ಸಿದ್ರು. "ಎಂತ ಆಯ್ತು ಅಕ್ಕ" ಅಂತ ಇಳಿದು ಬಂದು ಸ್ಟೆಪ್ನಿ ಮೇಲೆ ಕಾಲಿಟ್ಟು ಒತ್ತಿ ನಕ್ಬಿಟ್ರು. ಆಮೇಲೆ ಅವ್ರು ಮಾಡಿದ್ದು ನಾನು ಮರೆಯಲ್ಲ, ಲಾರಿ ಬ್ರೇಕಿಗೆ ಅಂತ ಏರ್ ಟ್ಯಾಂಕ್ ಇರುತ್ತಲ್ಲ, ಅದಕ್ಕೆ ಒಂದ್ ಉದ್ದ ಪೈಪ್ ಸಿಕ್ಕಿಸಿ ಅಲ್ಲಿಂದ್ಲೇ ಸ್ಟೆಪ್ನಿಗೆ ಗಾಳಿ ಹೊಡೆದ್ರು. ಗೇಜಿಲ್ಲ ಏನಿಲ್ಲ, ಪಾನಾದಲ್ಲಿ ಟೈರಿಗೆ ಹೊಡೆದು ಶಬ್ದ ಕೇಳೋದು, ಮತ್ತೆ ಗಾಳಿ, ಮತ್ತೆ ಹೊಡೆಯೋದು. "ಆಯ್ತು, ಸಾಕು" ಅಂದ್ರು. ಉಜಿರೆಲಿ ಚೆಕ್ ಮಾಡ್ಸಿದ್ರೆ 41 ಪಾಯಿಂಟ್ (psi) ಇತ್ತು. ಟೂಲ್ ಬಾಕ್ಸಿಂದ 19ರ ರಿಂಗ್ ಪಾನಾ ತೆಗೆದು ಇಪ್ಪತ್ತೇ ನಿಮಿಷದಲ್ಲಿ ಚಕ್ರ ಬದಲಾಯ್ಸಿಕೊಟ್ರು. ದುಡ್ಡು ಬೇಡ್ವೇ ಬೇಡ ಅಂದ್ರು, ಅತ್ತೆ ಚಕ್ಕುಲಿ ಡಬ್ಬ ಕೊಟ್ಟಿದ್ದಕ್ಕೆ ಮಾತ್ರ ಇಲ್ಲ ಅನ್ಲಿಲ್ಲ.

ನಂಗೆ ನಾಚ್ಕೆ ಆಗಿದ್ದು ಯಾವಾಗ ಅಂದ್ರೆ, ಆಯುಧಪೂಜೆಗೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಹಾರ ಹಾಕಿದ್ವಿ. ಐದನೇ ಚಕ್ರದ ನೆನಪೇ ಇರ್ಲಿಲ್ಲ ಯಾರಿಗೂ. ಈಗ ಹೇಳಿ, ನೀವೆಲ್ಲಾ ಏನ್ ಇಟ್ಕೊಂಡಿರ್ತೀರಾ, ಎಷ್ಟ್ ದಿನಕ್ ನೋಡ್ತೀರಾ?

ಹಳೇ_ಡ್ರೈವರ್:
ಚಕ್ಕುಲಿ ಇಟ್ಕೋಬೇಕು ಅಂತ ಮೊದ್ಲು ಬರ್ಕೊಳ್ಳಿ ಎಲ್ರೂ 😄

ಪಂಚರ್_ಅಂಗ್ಡಿ_ಹುಡ್ಗ:
ಅಕ್ಕಾ ನಮ್ದು ತಿಪಟೂರು-ಅರಸೀಕೆರೆ ರೋಡಲ್ಲಿ ಅಂಗ್ಡಿ, ನೀವು ಹೋಗಿದ್ದು ಇದೇ 73ನೇ ನಂಬರ್ ಹೈವೇನೇ, ತುಮಕೂರಿಂದ ಮಂಗಳೂರ್ ತನಕ. ನಮ್ಮಪ್ಪ ಮೂವತ್ ವರ್ಷದಿಂದ ಮಾಡ್ತಿದಾರೆ, ನಾನು ಹತ್ನೇ ಕ್ಲಾಸಿಂದ ಕೈ ಕಪ್ಪು ಮಾಡ್ಕೊಂಡಿದೀನಿ. ನಮ್ ಹತ್ರ ಬರೋ ಕಾರಲ್ಲಿ ಸ್ಟೆಪ್ನಿ ಗಾಳಿ ಸರಿ ಇರೋದೇ ಕಮ್ಮಿ, ಹತ್ತು ಹದಿನೈದು ಇರುತ್ತೆ, ಕೆಲವ್ರದ್ದು ಸೊನ್ನೆ. ಟೈರು ಸುಮ್ನೆ ಇಟ್ರೂ ತಿಂಗಳಿಗೆ ಒಂದು ಒಂದೂವರೆ ಪಾಯಿಂಟ್ ತಾನಾಗೇ ಇಳಿಯುತ್ತೆ, ಎರಡ್ ವರ್ಷ ಯಾರೂ ಮುಟ್ಟದಿದ್ರೆ ಲೆಕ್ಕ ನೀವೇ ಹಾಕಿ. ಅದಕ್ಕೆ ಸ್ಟೆಪ್ನಿಗೆ ಯಾವಾಗ್ಲೂ ಐದಾರು ಪಾಯಿಂಟ್ ಜಾಸ್ತಿ ಹಾಕ್ಸಿ, ಬೇಕಾದಾಗ ಇಳಿಸ್ಬೋದು, ಕಾಡಲ್ಲಿ ಏರಿಸಕ್ಕಾಗಲ್ಲ.

ಆದ್ರೆ ಒಂದ್ ಪ್ರಶ್ನೆ. ಅಲಾಯ್ ನಟ್ಟನ್ನೇ ಕಬ್ಬಿಣದ ಸ್ಟೆಪ್ನಿಗೆ ಹಾಕಿದ್ರಾ? ಸೀಟಿಂಗ್ ನೋಡಿದ್ರಾ? ಮುಂದೆ ಶಂಕುವಿನ್ ತರ ಇರೋ ನಟ್ಟಾದ್ರೆ ಸಾಮಾನ್ಯ ಕೂರುತ್ತೆ, ಚಪ್ಪಟೆ ವಾಷರ್ ಇರೋ ನಟ್ಟಾದ್ರೆ ಕಬ್ಬಿಣದ ರಿಮ್ ಮೇಲೆ ಸರಿಯಾಗ್ ಕೂರಲ್ಲ, ಟೈಟ್ ಆದಂಗೆ ಅನ್ಸುತ್ತೆ, ಇಪ್ಪತ್ ಕಿಲೋಮೀಟ್ರಿಗೆ ಚಕ್ರ ಅಲ್ಲಾಡುತ್ತೆ. ಹೊರಗಡೆ ಅಲಾಯ್ ಹಾಕ್ಸಿರೋರು ಹಳೇ ನಟ್ ಒಂದ್ ಸೆಟ್ ಡಬ್ಬಿಗೆ ಹಾಕಿ ಡಿಕ್ಕಿಲಿಡಿ. ಯಾವ್ ನಟ್ಟಾದ್ರೂ ಚಕ್ರ ಬದಲಾಯ್ಸಿ ಐವತ್ ನೂರ್ ಕಿಲೋಮೀಟ್ರಾದ್ಮೇಲೆ ಒಂದ್ಸಲ ಮತ್ತೆ ಟೈಟ್ ಮಾಡ್ಲೇಬೇಕು.

ಹೇಮಾವತಿ_ತೀರ:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ! ಈಗ್ತಾನೆ ಹೋಗಿ ನೋಡ್ದೆ, ಶಂಕು ತರದ್ದೇ. ಜೀವ ಬಂತು.

ಧಾರವಾಡ_ಫೇಡೆ:
ಅಕ್ಕಾರ, ನಿಮ್ ಕಡೆ ಕಲ್ಲು, ನಮ್ ಕಡೆ ಲಾಳದ ಮೊಳಿ. ಕಬ್ಬಿನ ಸೀಸನ್ನಿನ್ಯಾಗ ಬೆಳಗಾವಿ ಬಾಗಲಕೋಟ ಕಡೆ ಒಂದ್ಸಲ ಬರ್ರಿ, ಎತ್ತಿನ ಕಾಲಿನ ಲಾಳ ಸವದು ಮೊಳಿ ಉದುರಿ ರಸ್ತಾದಾಗ ಬಿದ್ದಿರ್ತಾವು, ಚಪ್ಟಾ ತಲಿ ಇರ್ತೈತಿ, ತುದಿ ಸೊಟ್ಟ. ಟ್ಯೂಬ್‌ಲೆಸ್ ಟಾಯರಿನ್ಯಾಗ ಹೊಕ್ಕರ ಗೊತ್ತಽ ಆಗೂದಿಲ್ಲ, ಮೊಳೀನಽ ತೂತು ಮುಚ್ಕೊಂಡು ಕುಂತಿರ್ತೈತಿ, ಎರಡ್ ದಿನಕ್ಕ ಐದ್ ಪಾಯಿಂಟ್ ಇಳೀತೈತಿ ಅಷ್ಟ. ಅಂಥಾದ್ರಾಗ ಕಿತ್ತೀರಿ ಅಂದ್ರ ಬುಸ್ಸ್ ಅಂತ ಅಲ್ಲೇ ಕುಂದ್ರುದು. ಕೀಳಬ್ಯಾಡ್ರಿ, ಗಾಳಿ ಹಾಕ್ಕೋತ ಅಂಗಡಿ ತನಕ ಹೋಗ್ರಿ. ನಾ ಹಿಂಗ ಒಂದ್ ಮೊಳಿ ಇಟಗೊಂಡು ಬಾಗಲಕೋಟದಿಂದ ಧಾರವಾಡ ಮುಟ್ಟೇನಿ.

ಮತ್ತ ಸಣ್ಣ ಗಾಳಿ ಪಂಪ್ ಒಂದು ಇಟ್ಕೋರಿ, ಸಿಗರೇಟ್ ಲೈಟರ್ ತೂತಿಗೆ ಚುಚ್ಚೂದು. 20ರಿಂದ 33ಕ್ಕ ಏರ್ಸಾಕ ನಾಕೈದು ಮಿನಿಟ್ ತಗೋತೈತಿ, ಗಾಡಿ ಚಾಲೂ ಇಡ್ರಿ ಇಲ್ಲಾಂದ್ರ ಬ್ಯಾಟರಿ ಇಳೀತೈತಿ. ಹತ್ತು ಮಿನಿಟ್ ಓಡಿಸಿದ ಮ್ಯಾಲೆ ಪಂಪಿಗೂ ಸ್ವಲ್ಪ ದಮ್ ಕೊಡ್ರಿ, ಕೆಂಡದಂಗ ಕಾದಿರ್ತೈತಿ.

ಬೆಂಗ್ಳೂರ್_ಸಿಗ್ನಲ್:
ಲಾಳದ ಮೊಳೆ ಆದ್ರೂ ತಾನಾಗೇ ಬಿದ್ದಿದ್ದು ಗುರು, ನಮ್ ಔಟರ್ ರಿಂಗ್ ರೋಡಲ್ಲಿ ಬೇಕಂತ್ಲೇ ಚೆಲ್ತಿದ್ರು. ಒಬ್ರು ಐಟಿಯವ್ರು ದಿನಾ ಆಫೀಸಿಗ್ ಹೋಗ್ತಾ ಕೋಲಿಗೆ ಮ್ಯಾಗ್ನೆಟ್ ಕಟ್ಕೊಂಡು ಕಿಲೋಗಟ್ಟಲೆ ಮೊಳೆ ಎತ್ತಿದ್ದು ಪೇಪರಲ್ಲಿ ಬಂದಿತ್ತು ನೆನಪಿದ್ಯಾ?

ಪಂಚರ್_ಅಂಗ್ಡಿ_ಹುಡ್ಗ:
ಗೊತ್ತು ಸಾರ್, ಅಂಥೋರಿಂದ ನಮ್ ವೃತ್ತಿಗೇ ಕೆಟ್ಟ ಹೆಸ್ರು.

ಕುಡ್ಲ_ರೈಡರ್:
ನಾನು ವಾರಕ್ಕೊಮ್ಮೆ ಶಿರಾಡಿ ಹತ್ತಿ ಇಳಿಯುವವ. ಪಂಚರ್ ಕಿಟ್ ಎಲ್ಲ ಆಮೇಲೆ ಮಾರಾಯ್ರೆ, ಮೊದಲು ಟೈರಿನ ಬಟನ್, ಅಂದ್ರೆ ಗೆರೆಯ ಆಳ, ಎಷ್ಟು ಉಂಟು ನೋಡಿ. ಗೆರೆಗಳ ನಡುವೆ ಸಣ್ಣ ಸಣ್ಣ ದಿಣ್ಣೆ ಇರ್ತದೆ, 1.6 ಮಿಲಿಮೀಟರ್ ಎತ್ತರ, ಟೈರ್ ಸವೆದು ಅದರ ಮಟ್ಟಕ್ಕೆ ಬಂತು ಅಂದ್ರೆ ಕಾನೂನಿನ ಪ್ರಕಾರ ಕಥೆ ಮುಗಿಯಿತು. ಆದರೆ ಜೂನ್ ಜುಲೈಯಲ್ಲಿ ಗುಂಡ್ಯದ ಹತ್ತಿರ ಬೀಳುವ ಮಳೆಗೆ ಅಷ್ಟು ಸಾಲುವುದಿಲ್ಲ, ನಾನು 3 ಮಿಲಿಮೀಟರ್ ಆಗುವಾಗಲೇ ಬದಲಾಯಿಸ್ತೇನೆ. ಗೆರೆ ಇರುವುದೇ ನೀರು ಹೊರಗೆ ಹೋಗ್ಲಿಕ್ಕೆ, ನೀರು ಹೋಗದಿದ್ರೆ ಟೈರು ರೋಡಿಗೆ ಮುಟ್ಟುವುದೇ ಇಲ್ಲ, ನೀರಿನ ಮೇಲೆ ತೇಲ್ತದೆ. ಒಂದು ಸಲ ಹಾಗೆ ಆಗಿದೆ ನನಗೆ, ಸ್ಟೇರಿಂಗ್ ಬೆಣ್ಣೆಯ ಹಾಗೆ ಹಗುರ ಆಗಿಬಿಟ್ಟಿತು, ಎತ್ತ ತಿರುಗಿಸಿದ್ರೂ ಗಾಡಿ ನೇರ ಹೋಗುವುದು. ಬ್ರೇಕ್ ಒತ್ತಲಿಲ್ಲ, ಆಕ್ಸಿಲರೇಟರ್ ಬಿಟ್ಟು ಸುಮ್ಮನೆ ಹಿಡ್ಕೊಂಡೆ, ಎರಡು ಸೆಕೆಂಡ್ ಇರಬಹುದು, ಎರಡು ಗಂಟೆಯ ಹಾಗೆ ಆಯ್ತು.

ಹೊಸ_ಕಾರ್_ಹೊಸಬ:
ಒಂದ್ ಡೌಟು. ನಾನ್ ತಗೊಂಡಿರೋ ಹೊಸ ಗಾಡಿಲಿ ಸ್ಟೆಪ್ನೀನೇ ಕೊಟ್ಟಿಲ್ಲ, ಒಂದು ಬಾಟ್ಲಿ ಒಂದು ಪಂಪ್ ಅಷ್ಟೇ. ಇದು ಲೀಗಲ್ಲಾ? ಶೋರೂಮವ್ರು ಹಾರಿಕೆ ಉತ್ರ ಕೊಡ್ತಾರೆ. ಇನ್ನೊಂದು, ಪೆಟ್ರೋಲ್ ಬಂಕಲ್ಲಿ ಹುಡುಗ್ರು "ಎಷ್ಟ್ ಹಾಕ್ಲಿ ಸಾರ್" ಅಂತಾರೆ, ನಾನು ಯಾವಾಗ್ಲೂ 35 ಅಂತೀನಿ, ಸರೀನಾ?

ಲೆಕ್ಕಾಚಾರ_77:
ಲೀಗಲ್ಲೇ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದುಪಡಿ ಮಾಡ್ತು, ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ತೋರಿಸೋ ಸೆನ್ಸರ್ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ರೆ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಲೀಗಲ್ ಆದ್ರೆ ಸಾಕಾ ಅನ್ನೋದು ಬೇರೆ ಮಾತು. ಆ ಬಾಟ್ಲಿಲಿರೋ ಅಂಟು ಮೊಳೆ ತೂತಿಗೆ ಸರಿ, ಮೇಲೆ ಅಕ್ಕನವ್ರಿಗಾದ ಹಾಗೆ ಪಕ್ಕೆ ಸೀಳಿದ್ರೆ ನಾಲ್ಕ್ ಬಾಟ್ಲಿ ಸುರಿದ್ರೂ ನಿಲ್ಲಲ್ಲ. ಬಾಟ್ಲಿಗೆ ಎಕ್ಸ್‌ಪೈರಿ ಡೇಟ್ ಇರುತ್ತೆ, ನೋಡ್ಕೊಳ್ಳಿ.

ಎಷ್ಟ್ ಹಾಕ್ಬೇಕು ಅನ್ನೋದನ್ನ ಬಂಕ್ ಹುಡುಗನ್ನೂ ಕೇಳ್ಬೇಡಿ, ನಮ್ಮನ್ನೂ ಕೇಳ್ಬೇಡಿ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ್ ಮೇಲೆ ಸ್ಟಿಕ್ಕರ್ ಇರುತ್ತೆ, ಇಬ್ರಿದ್ದಾಗ ಎಷ್ಟು, ಫುಲ್ ಲೋಡಿಗೆ ಎಷ್ಟು, ಮುಂದೆ ಎಷ್ಟು ಹಿಂದೆ ಎಷ್ಟು ಎಲ್ಲಾ ಬರ್ದಿರುತ್ತೆ. ಅದು ತಣ್ಣಗಿರೋ ಟೈರಿನ ಲೆಕ್ಕ. ಮೂರ್ ಗಂಟೆ ನಿಂತಿರ್ಬೇಕು, ಇಲ್ಲಾ ಒಂದೆರಡು ಕಿಲೋಮೀಟ್ರಿಗಿಂತ ಜಾಸ್ತಿ ಓಡಿರ್ಬಾರ್ದು. ಹೈವೇಲಿ ನೂರ್ ಕಿಲೋಮೀಟ್ರು ಓಡಿಸಿ ಬಂದು ಚೆಕ್ ಮಾಡಿದ್ರೆ ನಾಲ್ಕೈದು ಪಾಯಿಂಟ್ ಜಾಸ್ತಿ ತೋರ್ಸುತ್ತೆ, ಹೆಚ್ಚಾಗಿದೆ ಅಂತ ಬಿಡ್ಸಿದ್ರೆ ಬೆಳಗ್ಗೆ ಕಮ್ಮಿ ಗಾಳಿಲಿ ಹೊರಡ್ತೀರಾ. ಬೇಸಿಗೇಲಿ ಟೈರ್ ಸಿಡಿಯುತ್ತೆ ಅಂತ ಗಾಳಿ ಕಮ್ಮಿ ಮಾಡ್ಸೋರು ನಮ್ಮಲ್ಲಿ ಬೇಕಾದಷ್ಟಿದಾರೆ, ಉಲ್ಟಾ ಕೆಲ್ಸ ಅದು. ಗಾಳಿ ಕಮ್ಮಿ ಇದ್ರೆ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಒಳಗಿಂದ್ಲೇ ಬಿಸಿ ಏರುತ್ತೆ, ಸಿಡಿಯೋದು ಹಾಗೆ. ರಾಯಚೂರು ಕಲಬುರಗಿ ಮೇ ತಿಂಗಳ ಬಿಸಿಲು, ನೂರರ ಸ್ಪೀಡು, ಐದ್ ಜನ, ಗಾಳಿ 25, ಇದು ಅಪಾಯ.

ಹೊಸ_ಕಾರ್_ಹೊಸಬ:
ಥ್ಯಾಂಕ್ಸ್ ಸರ್, ನೋಡ್ದೆ, ನನ್ ಗಾಡಿಗೆ 33, ಫುಲ್ ಲೋಡಿಗೆ 36. ಹಾಗಾದ್ರೆ ನೈಟ್ರೋಜನ್ ಹಾಕ್ಸಿದ್ರೆ ಬಿಸಿ ಏರಲ್ಲ ಅಂತಾರಲ್ಲ?

ಲೆಕ್ಕಾಚಾರ_77:
ನೀವು ಉಸಿರಾಡ್ತಿರೋ ಗಾಳಿಲಿ 78 ಪರ್ಸೆಂಟ್ ನೈಟ್ರೋಜನ್ನೇ. ಉಳಿದಿದ್ದಕ್ಕೆ ದುಡ್ಡು ಕೊಡ್ಬೇಕಾ ಯೋಚ್ನೆ ಮಾಡಿ.

ಹಳೇ_ಡ್ರೈವರ್:
ನಾನು ಹಾಕ್ಸ್ತೀನಪ್ಪ, ಗಾಳಿ ನಿಧಾನಕ್ಕೆ ಇಳಿಯುತ್ತೆ, ಒಳಗೆ ತೇವ ಇರಲ್ಲ. ಬಿಟ್ಟಿ ಗಾಳಿ ಹಾಕೋ ಬಂಕಲ್ಲಿ ಕಂಪ್ರೆಸರ್ ನೀರು ಯಾರೂ ಬಿಡ್ಸಲ್ಲ, ವಾಲ್ವ್ ಒತ್ತಿದ್ರೆ ಕೈಗೆ ನೀರ್ ಸಿಡಿಯುತ್ತೆ.

ಲೆಕ್ಕಾಚಾರ_77:
ನೀರಿನ್ ಮಾತು ಒಪ್ತೀನಿ. ಆದ್ರೆ ನೈಟ್ರೋಜನ್ ಅಂತ ತಿಂಗಳ್ಗಟ್ಟಲೆ ಚೆಕ್ ಮಾಡ್ದೇ ಇರೋರನ್ನ ನೋಡಿದೀನಿ, ಬಿಟ್ಟಿ ಗಾಳೀನೇ ಹದಿನೈದು ದಿನಕ್ಕೊಮ್ಮೆ ನೋಡೋನು ವಾಸಿ.

ಪಂಚರ್_ಅಂಗ್ಡಿ_ಹುಡ್ಗ:
ಜಗಳ ಬೇಡ, ಒಂದ್ ಚೂರು ಟೈರ್ ಓದೋದ್ ಹೇಳ್ತೀನಿ. ಕೈಯಲ್ಲಿ ಸವರಿ. ಎರಡೂ ಅಂಚು ಸವೆದು ಮಧ್ಯ ಹಾಗೇ ಇದ್ರೆ ಗಾಳಿ ಕಮ್ಮಿಲಿ ಓಡಿದೆ, ಮಧ್ಯ ಮಾತ್ರ ಸವೆದ್ರೆ ಜಾಸ್ತಿ ಗಾಳಿ, ಒಂದೇ ಅಂಚು ಸವೆದ್ರೆ ಅಲೈನ್‌ಮೆಂಟ್ ಹೋಗಿದೆ, ಅಲ್ಲಲ್ಲಿ ಗುಳಿಗುಳಿ ಇದ್ರೆ ಬ್ಯಾಲೆನ್ಸಿಂಗ್ ಇಲ್ಲಾ ಸಸ್ಪೆನ್ಶನ್ ನೋಡ್ಸಿ. ಪಕ್ಕೆಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದ್ರೆ ಒಳಗೆ ದಾರ ಕಿತ್ತೋಗಿದೆ ಅಂತ, ಗುಂಡಿಗೆ ಜೋರಾಗ್ ಬಿದ್ದಾಗ ಆಗೋದು. ಅದಕ್ಕೆ ರಿಪೇರಿ ಇಲ್ಲ, ಯಾರಾದ್ರೂ ಪ್ಯಾಚ್ ಹಾಕ್ಕೊಡ್ತೀನಿ ಅಂದ್ರೆ ನಂಬ್ಬೇಡಿ, ನಮ್ಮಪ್ಪ ಅಂಥ ಟೈರು ವಾಪಸ್ ಕಳಿಸ್ತಾರೆ, ಗಿರಾಕಿ ಬೈಕೊಂಡು ಪಕ್ಕದಂಗ್ಡಿಗೆ ಹೋಗ್ತಾನೆ.

ಆಮೇಲೆ ಪಕ್ಕೆ ಮೇಲೆ ಉದ್ದುದ್ದ ಅಕ್ಷರ ಇರುತ್ತಲ್ಲ, ಅದರ ಕೊನೇಲಿ ಮೊಟ್ಟೆ ಆಕಾರದ ಗೆರೆ ಒಳಗೆ ನಾಲ್ಕ್ ಅಂಕಿ. 2319 ಅಂತಿದ್ರೆ 2019ರ 23ನೇ ವಾರ ಮಾಡಿದ ಟೈರು. ಹೊಸ ಟೈರ್ ತಗೊಳ್ವಾಗ ಇದನ್ನ ನೋಡಿ. ಐದಾರು ವರ್ಷ ಆದ್ಮೇಲೆ ಬಟನ್ ಇದ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ, ವರ್ಷಕ್ಕೊಂದ್ಸಲ ತೋರ್ಸಿ. ನಾನು ನೋಡಿದ್ ಪ್ರಕಾರ ಮಾರಾಟಕ್ಕಿರೋ ಹಳೇ ಕಾರಲ್ಲಿ ಅತಿ ಹಳೇ ಟೈರ್ ಇರೋದು ಸ್ಟೆಪ್ನಿ ಗೂಡಲ್ಲೇ, ಯಾಕಂದ್ರೆ ಅದು ಸವೆಯಲ್ವಲ್ಲ, ಯಾರೂ ಬದಲಾಯ್ಸಲ್ಲ.

ಹಳೇ_ಡ್ರೈವರ್:
ಎಲ್ಲಾ ಸರಿ, ಯಾರೂ ನಿಲ್ಲೋ ಜಾಗದ್ ಬಗ್ಗೆ ಮಾತಾಡ್ಲಿಲ್ಲ. ಮೂವತ್ತೆರಡ್ ವರ್ಷ ಟ್ಯಾಕ್ಸಿ ಓಡಿಸಿದೀನಿ, ಪಂಚರಿಂದ ಸತ್ತೋರನ್ನ ನೋಡಿಲ್ಲ, ಪಂಚರ್ ಹಾಕ್ತಾ ಕೂತಿದ್ದಾಗ ಹಿಂದಿಂದ ಗುದ್ದಿಸ್ಕೊಂಡು ಹೋದೋರನ್ನ ಇಬ್ರನ್ನ ನೋಡಿದೀನಿ. ಮೈಸೂರು ಎಕ್ಸ್‌ಪ್ರೆಸ್‌ವೇಲಿ, ತುಮಕೂರು-ಚಿತ್ರದುರ್ಗ ರೋಡಲ್ಲಿ, ರಿಮ್ ಹಾಳಾದ್ರೂ ಚಿಂತೆ ಇಲ್ಲ, ಇಪ್ಪತ್ ಮೂವತ್ ಸ್ಪೀಡಲ್ಲಿ ಉರುಳಿಸ್ಕೊಂಡು ಪೂರ್ತಿ ಎಡಕ್ಕೆ, ಅಗಲ ಇರೋ ಕಡೆ ಹೋಗಿ. ತಿರುವಲ್ಲಿ, ಸೇತುವೆ ಮೇಲೆ ನಿಲ್ಸ್ಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ರನ್ನೂ ಎಡಗಡೆ ಬಾಗಿಲಿಂದ ಇಳಿಸಿ ತಡೆಗೋಡೆ ಆಚೆ ನಿಲ್ಸಿ. ತ್ರಿಕೋನ ಗಾಡಿ ಹಿಂದೆ ಹತ್ತಡಿಗೆ ಇಡೋದಲ್ಲ, ಹೈವೇ ಆದ್ರೆ ನೂರ್ ಹೆಜ್ಜೆ ನಡೆದು ಇಡಿ, ನಡೆಯೋವಾಗ ತ್ರಿಕೋನ ಎದೆ ಮುಂದೆ ಹಿಡ್ಕೊಂಡು ಬರೋ ಗಾಡಿಗೆ ತೋರಿಸ್ಕೊಂಡು ಹೋಗಿ. ಘಾಟಿಲಿ ತಿರುವಿಗಿಂತ ಮೊದ್ಲೇ ಕಾಣ್ಬೇಕು. ನ್ಯಾಷನಲ್ ಹೈವೇ ಆದ್ರೆ 1033ಕ್ಕೆ ಫೋನ್ ಮಾಡಿ, ಯಾರಿಗಾದ್ರೂ ಪೆಟ್ಟಾಗಿದ್ರೆ 112.

ಲಾರಿಯವ್ರು ಸೊಪ್ಪು ಮುರಿದು ರೋಡಲ್ಲಿ ಹಾಕ್ತಾರೆ ನೋಡಿ, ಅದು ಒಳ್ಳೇ ಸಂಪ್ರದಾಯ, ಹಗಲಲ್ಲಿ ತ್ರಿಕೋನಕ್ಕಿಂತ ದೂರ ಕಾಣುತ್ತೆ. ಆದ್ರೆ ಸೊಪ್ಪಿನ್ ಜೊತೆ ಕಲ್ಲಿಟ್ಟು, ರಿಪೇರಿ ಆದ್ಮೇಲೆ ಕಲ್ಲನ್ನ ಹಾಗೇ ಬಿಟ್ಟು ಹೋಗೋರಿಗೆ ಏನ್ ಹೇಳೋದು! ರಾತ್ರಿ ಬೈಕವ್ನು ಅದಕ್ಕೆ ಹತ್ತಿಸಿ ಬೀಳ್ತಾನೆ.

ಸ್ಟುಟ್‌ಗಾರ್ಟ್_ಸೀನ:
ಇಲ್ಲಿ ಜರ್ಮನಿಲಿ ತ್ರಿಕೋನ, ಫಸ್ಟ್ ಏಡ್ ಡಬ್ಬ, ಹೊಳೆಯೋ ಜಾಕೆಟ್ ಮೂರೂ ಗಾಡಿಲಿ ಇರ್ಲೇಬೇಕು, ಜಾಕೆಟ್ 2014ರಿಂದ ಕಡ್ಡಾಯ. ಇಲ್ಲಿಯವ್ರಿಂದ ಕಲಿತಿದ್ದು ಒಂದೇ, ಜಾಕೆಟ್ ಡಿಕ್ಕಿಲಿಡಲ್ಲ, ಸೀಟ್ ಪಕ್ಕ ಇಡ್ತಾರೆ, ಹಾಕ್ಕೊಂಡೇ ಕೆಳಗಿಳೀತಾರೆ. ಊರಿಗ್ ಬಂದಾಗ ಚಿಕ್ಕಪ್ಪನ ಗಾಡಿಗೆ ಎರಡು ತಂದ್ಕೊಟ್ಟೆ, ಚಿಕ್ಕಮ್ಮ ಅದನ್ನ ಹಾಕ್ಕೊಂಡು ಬೆಳಗ್ಗೆ ವಾಕಿಂಗ್ ಹೋಗ್ತಾರಂತೆ 😅

ಕುಡ್ಲ_ರೈಡರ್:
ಜಾಕಿ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣಿನ ಮೇಲೆ ಜಾಕಿ ಇಟ್ಟರೆ ಗಾಡಿ ಏಳುವುದಿಲ್ಲ, ಜಾಕಿ ಇಳಿಯುವುದು. ಒಂದು ಮರದ ಹಲಗೆ ತುಂಡು, ಒಂದೂವರೆ ಇಂಚು ದಪ್ಪದ್ದು, ಇಟ್ಟುಕೊಳ್ಳಿ. ಹಲಗೆ ಇಲ್ಲದೆ ನಾನೊಮ್ಮೆ ಗಟ್ಟಿ ಜಾಗ ಹುಡುಕ್ತಾ ಜಾಕಿಯನ್ನು ಅರ್ಧ ಅಡಿ ಆಚೆ ಇಟ್ಟೆ, ಬಾಗಿಲಿನ ಕೆಳಗಿನ ತಗಡು ಕರ್ರ್ ಅಂತ ಒಳಗೆ ಹೋಯ್ತು. ಅಲ್ಲಿ ಎರಡು ಕಚ್ಚು ಇರ್ತದೆ, ಅವೆರಡರ ನಡುವೆಯೇ ಜಾಕಿ ಕೂರಬೇಕು. ಮನೆಯಲ್ಲಿರುವಾಗಲೇ ಬಗ್ಗಿ ನೋಡಿ ಗುರುತು ಮಾಡಿ. ಇಳಿಜಾರಲ್ಲಾದ್ರೆ ಹ್ಯಾಂಡ್‌ಬ್ರೇಕ್ ಮಾತ್ರ ನಂಬಬೇಡಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ನಟ್ಟು ಗಾಡಿ ಏಳಿಸುವ ಮೊದಲೇ ಸಡಿಲ ಮಾಡಬೇಕು. (ಕೊನೆಗೆ ಕಲ್ಲು ತೆಗೀಲಿಕ್ಕೆ ಮರೆತರೆ ಹಳೇ ಡ್ರೈವರ್ ಬೈತಾರೆ.)

ಧಾರವಾಡ_ಫೇಡೆ:
ಸ್ಟೆಪ್ನಿ ಸಣ್ಣದಿದ್ರ ಅದರ ಮ್ಯಾಲಿನ ಸ್ಟಿಕ್ಕರ್ ಓದ್ರಿ, 80ರ ಮ್ಯಾಲೆ ಓಡಸೂಹಂಗಿಲ್ಲ. ಸೈಕಲ್ ಗಾಲಿಗತೆ ತೆಳ್ಳಗ ಇರ್ತಾವಲ್ಲ, ಅವಕ್ಕ ಗಾಳಿ 60 ಬೇಕಾಗ್ತೈತಿ, 33 ಹಾಕಿ ಇಟ್ಟಿರ್ತಾರ. ಮತ್ತ ಇನ್ನೋವಾ, ಎರ್ಟಿಗಾದವ್ರು ಸ್ಟೆಪ್ನಿ ಹೊಟ್ಟಿ ಕೆಳಗ ತೂಗಬಿಟ್ಟಿರ್ತೈತಿ, ರಾಡ್ ಹಾಕಿ ತಿರುವಿ ಇಳ್ಸೂದು ಒಮ್ಮೆ ಕಲೀರಿ, ರಾಡಿ ಮೆತ್ತಿ ಜಂಗ್ ಹಿಡದಿರ್ತೈತಿ.

ಹೇಮಾವತಿ_ತೀರ:
ಎಲ್ರಿಗೂ ತುಂಬಾ ಥ್ಯಾಂಕ್ಸ್! ಅಪ್‌ಡೇಟ್ ಕೊಡ್ತೀನಿ. ಭಾನುವಾರ ಮನೆ ಮುಂದೇನೇ ನಾನೇ ಚಕ್ರ ಬಿಚ್ಚಿ ಹಾಕೋದು ಪ್ರಾಕ್ಟೀಸ್ ಮಾಡ್ದೆ. ಬೀದಿಯವ್ರೆಲ್ಲಾ ಪಂಚರ್ ಆಗಿದೆ ಅಂತ ಸಹಾಯಕ್ ಬಂದ್ರು, ಬೇಡ ಅಂದಿದ್ದಕ್ಕೆ ವಿಚಿತ್ರವಾಗ್ ನೋಡಿದ್ರು. ಮೊದಲ್ನೇ ಸಲ 45 ನಿಮಿಷ, ಎರಡ್ನೇ ಸಲ 25. ನಟ್ಟು ಅಂಗ್ಡಿಯವ್ರು ಗನ್ನಲ್ಲಿ ಟೈಟ್ ಮಾಡಿದ್ದು, ಕೈಯಲ್ಲಿ ಜಪ್ಪಯ್ಯ ಅಂದ್ರೂ ಬರ್ಲಿಲ್ಲ, ಪಾನಾ ಮೇಲೆ ನಿಂತ್ಕೊಂಡೆ, ಆಗ ಟಕ್ ಅಂತ ಬಿಡ್ತು. ಈಗ ಡಿಕ್ಕಿಲಿ 19-21ರ ಪ್ಲಸ್ ಪಾನಾ, ಪಂಪು, ಗೇಜು, ತ್ರಿಕೋನ, ಹಲಗೆ, ಹಣೆಗೆ ಕಟ್ಕೊಳೋ ಟಾರ್ಚು, ಹಳೇ ರೈನ್‌ಕೋಟು, ಕೈಗವಸು. ಎರಡ್ ಜಾಕೆಟ್ ಡ್ರೈವರ್ ಸೀಟ್ ಕೆಳಗೆ.

ಇನ್ನೊಂದು. ಸ್ಟೆಪ್ನಿ ಮೇಲಿನ ನಾಲ್ಕ್ ಅಂಕಿ ನೋಡ್ದೆ. 0914. 😳

ಪಂಚರ್_ಅಂಗ್ಡಿ_ಹುಡ್ಗ:
ಅಕ್ಕಾ 2014ದು!! ಅದರ ಮೇಲೆ ಘಾಟಿ ಇಳಿದ್ರಾ? ನಾಳೇನೇ ಬದಲಾಯ್ಸಿ. ಹಳೇದನ್ನ ಅಂಗ್ಡಿಯವ್ರಿಗೆ ಕೊಟ್ರೆ ಮತ್ತೆ ಯಾರಿಗಾದ್ರೂ ಹಾಕಿಬಿಡ್ತಾರೆ, ಪಕ್ಕೆ ಕುಯ್ದು ಕೊಡಿ, ಇಲ್ಲಾ ಮಗಂಗೆ ಉಯ್ಯಾಲೆ ಕಟ್ಟಿ.

ಹೇಮಾವತಿ_ತೀರ:
ಬದಲಾಯ್ಸಾಯ್ತು. ಹಳೇದು ಅತ್ತೆ ಆಗ್ಲೇ ಹಿತ್ಲಿಗೆ ಉರುಳಿಸ್ಕೊಂಡು ಹೋಗಿದಾರೆ, ಮಣ್ಣು ತುಂಬಿ ಕನಕಾಂಬರ ಹಾಕ್ತಾರಂತೆ.

ಹಳೇ_ಡ್ರೈವರ್:
ಮಣ್ಣು ತುಂಬೋ ಮೊದ್ಲು ಕೆಳಗಡೆ ನಾಲ್ಕ್ ತೂತು ಹೊಡೀಲಿ ಅಂತ ಹೇಳಿ, ನೀರ್ ನಿಂತ್ರೆ ಡೆಂಗ್ಯೂ ಸೊಳ್ಳೆ.

ಹೇಮಾವತಿ_ತೀರ:
ಹೇಳ್ದೆ. "ಚಾರ್ಮಾಡಿಲಿ ತೂತಾಗಿದ್ದ ಇನ್ನೊಂದ್ ಟೈರ್ ಇತ್ತಲ್ಲ, ಅದನ್ನೇ ಕೊಡು, ಹೊಡೆಯೋ ಕೆಲ್ಸ ಉಳಿಯುತ್ತೆ" ಅಂತಿದಾರೆ.